ಆರ್ಗನ್ನಿನ ಮೇಲಿನ ಕನ್ನಡಿ

ಆರ್ಗನ್ ನುಡಿಸುವವಳ ಬೆನ್ನು ಸದಾ ಸಭೆಗೆ.
ಅದಕ್ಕೇ ಇಲ್ಲೊಂದು ಕನ್ನಡಿ,
ಅಂಗೈಯಗಲ, ಮೂಲೆಯಲ್ಲಿ ಪಾದರಸ ಸುಲಿದದ್ದು.
ಹಿರಿಯ ಎಮ್ಲಿನ್ ಗಲ್ಲ ಎತ್ತಿದರೆ ಹಾಡು ಶುರು,
ಇಳಿಸಿದರೆ ಆಮೆನ್.
ನಲವತ್ತೊಂದು ವರ್ಷ
ನನ್ನ ದೇವರ ಮನೆ ಇಷ್ಟೇ:
ಒಂದು ಗಲ್ಲ,
ಅದರ ಹಿಂದೆ ಖಾಲಿ ಬೆಂಚುಗಳ ಸಾಲು ಸಾಲು.

ಗಣಿ ಮುಚ್ಚಿತು. ತಗಡಿನ ಕಾರ್ಖಾನೆ ಮುಚ್ಚಿತು.
ಲಾನೆಲ್ಲಿಯ ಮಕ್ಕಳು ದೊಡ್ಡವರಾಗಿ
ಭಾನುವಾರವನ್ನೇ ಮರೆತರು.
ಚಿಕ್ಕವರು ಮುಂದೆ ಬಂದು ವಚನ ಹೇಳುವ ಹೊತ್ತಿಗೆ
ಪಾಸ್ಟರು ರೂಢಿ ಬಿಡದೆ ಒಂದು ನಿಮಿಷ ಕಾಯುತ್ತಿದ್ದರು.
ಯಾರು ಬರಬೇಕು?
ಹನ್ನೊಂದು ವರ್ಷ ಆ ಒಂದು ನಿಮಿಷವನ್ನು
ಇಪ್ಪತ್ತು ಮುದಿ ಕಿವಿಗಳು ಕೂತು ಕೇಳಿದವು.

ಒಂದು ಬೆಳಿಗ್ಗೆ ಕನ್ನಡಿಯೊಳಗೆ
ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದಳೊಬ್ಬಳು,
ತಲೆ ತುಂಬ ಬಿಳಿ ಹೊದಿಕೆ, ಬೆನ್ನಿಗೆ ಕಟ್ಟಿದ ಕೂಸು,
ಬೆರಳು ಹಿಡಿದ ನಾಲ್ಕು ವರ್ಷದ ರಾಹ್ವಾ.
ಎರಿಟ್ರಿಯಾ ಎಂದರು. ಮನೆಗೆ ಹೋಗಿ ನಕ್ಷೆ ಬಿಡಿಸಿದೆ:
ಕೆಂಪು ಸಮುದ್ರದ ದಂಡೆ.
ಮೋಶೆ ದಾಟಿದ ನೀರು ಇವರ ಹಿತ್ತಲಿನದು!
ಆಮೇಲೆ ಮರಿವಿಕ್, ರಾತ್ರಿ ಪಾಳಿ ಮುಗಿಸಿದ ಕಣ್ಣು, ಮಡಿಲಲ್ಲಿ ಅವಳಿ.
ಶಿರಾಜಿನ ಬೆಹ್ರೂಜ್, ತೋಳಿಗಂಟಿದ ಹಿಟ್ಟು ಒರೆಸದೆಯೇ.

ಕೂಸು ಅತ್ತಿತು. ಕೂಸಲ್ಲವೆ.
ಎಮ್ಲಿನ್ ಗಂಟಲು ಸರಿಮಾಡಿಕೊಂಡ, ಒಮ್ಮೆ,
ಇನ್ನೊಮ್ಮೆ, ಕೇಳುವಂತೆ.
ತಾಯಿ ತಲೆ ತಗ್ಗಿಸಿ ಎದ್ದಳು. ಬಾಗಿಲು ಮುಚ್ಚಿತು.
ಹೊರಗೆ ಚಳಿಯಲ್ಲಿ ಅವಳು, ಅವಳ ಚಪ್ಪಲಿ.
ಒಳಗೆ ನಾವು, ಕರುಣೆಯ ಬಗ್ಗೆ
ಮೂರನೆಯ ಚರಣ ಹಾಡುತ್ತಾ.

ನಾನು ನಿಲ್ಲಿಸಿಬಿಟ್ಟೆ.
ಸಾಲಿನ ನಡುವೆ, ಸ್ವರದ ನಡುವೆ.
ಹಾಡು ಒಂದೆರಡು ಹೆಜ್ಜೆ ತಾನೇ ನಡೆದು
ಮುಗ್ಗರಿಸಿ ಬಿತ್ತು.
"ಬೆರಳು ಸೆಟೆದುಕೊಂಡಿತು," ಎಂದೆ. ಸಂಧಿವಾತ ನಿಜ,
ಅವತ್ತಿನದು ಸುಳ್ಳು.
"ಆ ಕೂಸನ್ನು ಒಳಗೆ ಕರೆಯಿರಿ,
ಬಾಗಿಲ ಗಾಳಿ ತಗಲಿದರೆ ನನ್ನ ಕೈ ಏಳುವುದಿಲ್ಲ."
ಗಾಳಿಗೂ ಕೂಸಿಗೂ ಏನು ಸಂಬಂಧ,
ಯಾರೂ ಕೇಳಲಿಲ್ಲ. ಎದ್ದು ಹೋಗಿ ಬಾಗಿಲು ತೆರೆದವನು
ಬೆಹ್ರೂಜ್.

ಚಳಿಗಾಲ ಕಳೆಯಿತು. ಎಮ್ಲಿನ್‌ನ ಪಕ್ಕದಲ್ಲೇ
ಬಂದು ಕೂರುತ್ತಿತ್ತು ರಾಹ್ವಾ,
ಯಾಕೆಂದು ಅವಳನ್ನೇ ಕೇಳಬೇಕು.
ಅವನ ಜೇಬಿನ ಪೆಪ್ಪರ್‌ಮಿಂಟಿನ ವಾಸನೆಯೋ ಏನೋ.
ಮೂರೇ ಪದದ ವಚನ, ಎಲ್ಲಕ್ಕಿಂತ ಚಿಕ್ಕದು,
ಅವನೇ ಕಲಿಸಿದ ವೆಲ್ಷಿನಲ್ಲಿ.
ಏಪ್ರಿಲಿನಲ್ಲಿ ಪಾಸ್ಟರು ಕಾದ ಆ ನಿಮಿಷಕ್ಕೆ
ಪುಟ್ಟ ಬರಿಗಾಲು ನಡೆದು ಬಂತು.

ಮೊದಲ ಪದ ಹೇಳಿತು.
ನಡುವಿನದು ಮರೆಯಿತು.
ಕನ್ನಡಿಯಲ್ಲಿ ಎಮ್ಲಿನ್‌ನ ತುಟಿ, ಸದ್ದಿಲ್ಲದೆ: ಕರ್ಯಾದ್, ಕರ್ಯಾದ್.
ಮಗು ನೆಲ ನೋಡಿತು, ಸೂರು ನೋಡಿತು,
ತಾಯಿಯನ್ನು ನೋಡಿ
ಮನೆಯ ಪದವನ್ನೇ ಅಲ್ಲಿಟ್ಟಿತು: ಫಿಕ್ರಿ.
ಕೊನೆಯ ಪದ ಮತ್ತೆ ನಮ್ಮದು.

ತಿದ್ದಲು ಬಾಯಿ ತೆರೆದ ಎಮ್ಲಿನ್.
ನನಗೆ ನನ್ನ ಮುತ್ತಜ್ಜಿ ನೆನಪಾದಳು:
ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ
ಕೊರಳಿಗೆ ಮರದ ತುಂಡು ಕಟ್ಟಿಸಿಕೊಂಡು
ಸಂಜೆಯವರೆಗೆ ನಿಂತವಳು.
ಅವನ ಮುತ್ತಜ್ಜಿಯೂ ಅದೇ ಶಾಲೆ.
ತೆರೆದ ಬಾಯಿ ತೆರೆದೇ ಇತ್ತು,
ಆಮೇಲೆ ಜೇಬಿಗೆ ಕೈ ಹೋಯಿತು.
ಪೆಪ್ಪರ್‌ಮಿಂಟ್.
ಕಾಗದ ಬಿಚ್ಚುವ ಸದ್ದು, ಆರಾಧನೆಯ ನಡುವೆ, ಎಷ್ಟು ಜೋರು!

ಈಗ ಕನ್ನಡಿಯನ್ನು ಕೆಳಕ್ಕೆ ಬಾಗಿಸಿದ್ದೇನೆ.
ಹೆಣೆದ ಜಡೆಗಳು ಕಾಣುತ್ತವೆ, ಅವಳಿಗಳ ಕಾಲ್ಚೀಲ,
ಬೆಂಚಿನಡಿ ಉರುಳುವ ಲಾರಿ,
ನನ್ನತ್ತ ಚಾಚಿದ ಒಂದು ನಾಲಿಗೆ.
ಗಲ್ಲ ಕಾಣುವುದಿಲ್ಲ.
ವಾರವಾರವೂ ಹಾಡು ತಡವಾಗಿ ಶುರುವಾಗುತ್ತದೆ.
ಎಮ್ಲಿನ್ ಗೊಣಗುತ್ತಾನೆ, ಗೊಣಗಲಿ.